ಬೇಗ ಸಿಗೋ ಸಾಲಕ್ಕೂ ಸರಿಯಾದ ಸಾಲಕ್ಕೂ ಇರೋ ವ್ಯತ್ಯಾಸ: ಸಣ್ಣ ಬಿಸಿನೆಸ್‌ನೋರು ಕಮ್ಯುನಿಟಿ ಲೆಂಡರ್ ಹತ್ರ ಹೋಗೋ ಮುಂಚೆ

ಗೆಳೆಯನೊಬ್ಬ ಸಣ್ಣದೊಂದು ಪ್ರಿಂಟಿಂಗ್ ಯೂನಿಟ್ ನಡೆಸ್ತಾನೆ. ಒಂದಿನ ರಾತ್ರಿ ಹತ್ತು ಗಂಟೆ ಮೇಲೆ ಮೊಬೈಲಿಗೆ ಒಂದು ಅಗ್ರಿಮೆಂಟ್ ಫೋಟೋ ಕಳಿಸಿದ, ಕೆಳಗೆ ಒಂದೇ ಸಾಲು, "30 ಪರ್ಸೆಂಟ್ ಅಂತೆ ಕಣೋ, ನಾಳೆ ಬೆಳಿಗ್ಗೆನೇ ದುಡ್ಡು ಹಾಕ್ತಾರಂತೆ, ಸೈನ್ ಮಾಡ್ಲಾ?" ಅಂತ. ನಾನು ಆ ಪೇಜುಗಳನ್ನ ಜೂಮ್ ಮಾಡಿ ಮಾಡಿ ಓದ್ದೆ, ಎಲ್ಲೂ ಬಡ್ಡಿ ಅನ್ನೋ ಪದಾನೇ ಇರ್ಲಿಲ್ಲ. ಇದ್ದಿದ್ದು 1.3 ಅನ್ನೋ ಒಂದು ನಂಬರ್ ಅಷ್ಟೇ. ಈ ನಂಬರಿಗೆ ಫ್ಯಾಕ್ಟರ್ ರೇಟ್ ಅಂತಾರೆ, ತಗೊಂಡ ದುಡ್ಡನ್ನ ಇದ್ರಿಂದ ಗುಣಿಸಿದ್ರೆ ಒಟ್ಟು ವಾಪಸ್ ಎಷ್ಟು ಕೊಡ್ಬೇಕು ಅಂತ ಗೊತ್ತಾಗತ್ತೆ. ಒಂದು ಲಕ್ಷ ತಗೊಂಡ್ರೆ 1,30,000 ಕೊಡ್ಬೇಕು, ವಾರಕ್ಕೆ 5,000ದ ಹಾಗೆ 26 ವಾರ.

ನೋಡೋಕೆ 30 ಪರ್ಸೆಂಟೇ. ಆದ್ರೆ ಒಂದು ನಿಮಿಷ ಯೋಚ್ನೆ ಮಾಡಿ, ವರ್ಷಕ್ಕೆ 30 ಪರ್ಸೆಂಟ್ ಅನ್ನೋ ಮಾತಿಗೆ ಅರ್ಥ ಏನು? ಪೂರ್ತಿ ಒಂದು ಲಕ್ಷ ಪೂರ್ತಿ ಒಂದು ವರ್ಷ ನಿಮ್ಮ ಕೈಲಿದ್ರೆ ಅದಕ್ಕೆ 30,000 ಕೊಡೋದು ಅಂತ. ಇಲ್ಲಿ ದುಡ್ಡು ಇರೋದೇ ಅರ್ಧ ವರ್ಷ, ಅದ್ರಲ್ಲೂ ಮೊದಲನೇ ವಾರದಿಂದಾನೇ 5,000, 5,000 ಅಂತ ವಾಪಸ್ ಹೋಗ್ತಾ ಇರತ್ತೆ, ಅಂದ್ರೆ ಸರಾಸರಿ ನಿಮ್ಮ ಹತ್ರ ಉಳಿಯೋದು ಸುಮಾರು ಅರ್ಧ ಲಕ್ಷ. ಅರ್ಧ ದುಡ್ಡು, ಅರ್ಧ ವರ್ಷ, ಅದಕ್ಕೆ 30,000. ಬಾಯಿಲೆಕ್ಕದಲ್ಲಿ ನಾಲ್ಕು ಪಟ್ಟು ಆಯ್ತಲ್ಲ, 120ರ ಹತ್ರ ಬಂತು. ಸ್ಪ್ರೆಡ್‌ಶೀಟಲ್ಲಿ ಸರಿಯಾಗಿ ಹಾಕಿದ್ರೆ ಸುಮಾರು 107 ಬರತ್ತೆ. ಇಷ್ಟಕ್ಕೇ ಮುಗೀಲಿಲ್ಲ, ಆ ಅಗ್ರಿಮೆಂಟಲ್ಲಿ 3 ಪರ್ಸೆಂಟ್ ಪ್ರೊಸೆಸಿಂಗ್ ಫೀ ಮೊದ್ಲೇ ಮುರ್ಕೊಂಡು ಕೊಡ್ತೀವಿ ಅಂತ ಇತ್ತು, ಅಂದ್ರೆ ಕೈಗೆ ಬರೋದು 97,000, ಕಟ್ಟೋದು ಮಾತ್ರ ಅದೇ 1,30,000. ಈಗ ಲೆಕ್ಕ ಹಾಕಿದ್ರೆ ನಿಜವಾಗ್ಲೂ ವರ್ಷಕ್ಕೆ ಸುಮಾರು 120 ಪರ್ಸೆಂಟ್. 30 ಅಂತ ಹೇಳಿದ್ದು, ಇರೋದು 120, ಮಜಾ ಏನಂದ್ರೆ ಯಾರೂ ಸುಳ್ಳು ಹೇಳಿಲ್ಲ.

ಈ ಲೆಕ್ಕ ನೀವೇ ಮಾಡ್ಕೋಬಹುದು, ಯಾರನ್ನೂ ಕೇಳ್ಬೇಕಾಗಿಲ್ಲ. ಯಾವ ಸ್ಪ್ರೆಡ್‌ಶೀಟಲ್ಲಾದ್ರೂ ರೇಟ್ ಅನ್ನೋ ಫಾರ್ಮುಲಾ ಇರತ್ತೆ, ಅದಕ್ಕೆ ಮೂರೇ ವಿಷಯ ಕೊಡ್ಬೇಕು: ಎಷ್ಟು ಕಂತು, ಒಂದು ಕಂತು ಎಷ್ಟು (ಇದರ ಮುಂದೆ ಮೈನಸ್ ಹಾಕಿ, ನಿಮ್ಮ ಕೈಯಿಂದ ಹೋಗೋ ದುಡ್ಡಲ್ವಾ), ಆಮೇಲೆ ಕೈಗೆ ನಿಜವಾಗ್ಲೂ ಬಂದಿದ್ದು ಎಷ್ಟು. ಮೂರನೇದನ್ನ ಹುಷಾರಾಗಿ ಹಾಕಿ, ಅಗ್ರಿಮೆಂಟಲ್ಲಿರೋ ದೊಡ್ಡ ನಂಬರ್ ಬೇಡ, ಎಲ್ಲಾ ಮುರ್ಕೊಂಡ ಮೇಲೆ ಅಕೌಂಟಿಗೆ ಬಿದ್ದಿದ್ದನ್ನೇ ಹಾಕ್ಬೇಕು. ಉತ್ತರ ವಾರದ ಲೆಕ್ಕದ್ದಾದ್ರೆ 52ರಿಂದ, ತಿಂಗಳಿಂದಾದ್ರೆ 12ರಿಂದ ಗುಣಿಸಿ. ಬರೋ ನಂಬರೇ ವಾರ್ಷಿಕ ಶೇಕಡಾವಾರು ದರ, ಎಪಿಆರ್ ಅಂತಾರಲ್ಲ ಅದು. ಎರಡು ಸಾಲಗಳನ್ನ ಪಕ್ಕಪಕ್ಕ ಇಟ್ಟು ನೋಡೋಕೆ ಇದಕ್ಕಿಂತ ನೆಟ್ಟಗಿರೋ ಅಳತೆಗೋಲು ನನಗಂತೂ ಗೊತ್ತಿಲ್ಲ.

ಫ್ಲಾಟ್ ರೇಟ್ ಅನ್ನೋದೂ ಇದೇ ಜಾತಿಗೆ ಸೇರಿದ್ದು. ಒಂದು ಲಕ್ಷ, ಎರಡು ವರ್ಷ, 12 ಪರ್ಸೆಂಟ್ ಫ್ಲಾಟ್ ಅಂದ್ರೆ ವರ್ಷಕ್ಕೆ 12,000ದ ಹಾಗೆ 24,000 ಬಡ್ಡಿನ ಮೊದಲೇ ಅಸಲಿಗೆ ಕೂಡಿಸಿ 24 ಭಾಗ ಮಾಡ್ತಾರೆ, ತಿಂಗಳಿಗೆ ಸುಮಾರು 5,167. ಇಪ್ಪತ್ತನೇ ತಿಂಗಳಲ್ಲಿ ಅಸಲು ಬಹುಪಾಲು ತೀರಿರತ್ತೆ, ಆದ್ರೂ ಬಡ್ಡಿ ಮಾತ್ರ ಪೂರ್ತಿ ಲಕ್ಷದ ಮೇಲೇ ಕಟ್ತಿರ್ತೀರಿ. ಉಳಿದ ಅಸಲಿನ ಮೇಲಷ್ಟೇ ಬಡ್ಡಿ ಹಾಕೋ ರೆಡ್ಯೂಸಿಂಗ್ ಲೆಕ್ಕಕ್ಕೆ ತಂದ್ರೆ ಇದು 21.6 ಪರ್ಸೆಂಟ್ ಆಗತ್ತೆ. ಹಾಗಾಗಿ 18 ಪರ್ಸೆಂಟ್ ರೆಡ್ಯೂಸಿಂಗ್ ಅನ್ನೋರು 12 ಪರ್ಸೆಂಟ್ ಫ್ಲಾಟ್ ಅನ್ನೋರಿಗಿಂತ ಅಗ್ಗ. ಇದು ಗೊತ್ತಿಲ್ಲದೇ ಜನ ಅಗ್ಗದ ಸಾಲ ಬಿಟ್ಟು ದುಬಾರಿ ಸಾಲಕ್ಕೆ ಹೋಗಿ, ಅದೂ ಖುಷಿಯಿಂದ ಹೋಗಿ, ಸೈನ್ ಮಾಡಿ ಬರ್ತಾರೆ.

ಇಷ್ಟೆಲ್ಲಾ ಗೊಂದಲ ಯಾಕಿದೆ ಅಂದ್ರೆ, ಎಷ್ಟೋ ಕಡೆ ಕಾನೂನು ಸ್ವಂತ ಖರ್ಚಿಗೆ ತಗೊಳ್ಳೋ ಸಾಲನ ಒಂದು ಥರ, ವ್ಯಾಪಾರಕ್ಕೆ ತಗೊಳ್ಳೋ ಸಾಲನ ಇನ್ನೊಂದು ಥರ ನೋಡತ್ತೆ. ಅಮೆರಿಕದಲ್ಲಿ 1968ರಲ್ಲೇ ಸಾಲದ ನಿಜವಾದ ದರ ಹೇಳ್ಬೇಕು ಅನ್ನೋ ಫೆಡರಲ್ ಕಾನೂನು ಬಂತು, ಆದ್ರೆ ಅದು ವೈಯಕ್ತಿಕ ಸಾಲಕ್ಕೆ, ಬಿಸಿನೆಸ್ ಸಾಲಕ್ಕಲ್ಲ. ವ್ಯಾಪಾರ ಮಾಡೋನಿಗೆ ಲೆಕ್ಕ ಗೊತ್ತಿರತ್ತೆ ಬಿಡಿ ಅನ್ನೋ ಧೋರಣೆ ಇರಬೇಕು, ಒಬ್ಬನೇ ಮಷೀನ್ ಓಡಿಸಿ ಒಬ್ಬನೇ ಬಿಲ್ ಬರೆಯೋನಿಗೂ ದೊಡ್ಡ ಕಂಪನಿಯ ಫೈನಾನ್ಸ್ ಡಿಪಾರ್ಟ್‌ಮೆಂಟಿಗೂ ಒಂದೇ ತಕ್ಕಡಿ. ಅಲ್ಲಿನ ಕ್ಯಾಲಿಫೋರ್ನಿಯಾ ರಾಜ್ಯ 2018ರಲ್ಲಿ ಸಣ್ಣ ಬಿಸಿನೆಸ್ ಸಾಲಕ್ಕೂ ದರ ತೋರಿಸ್ಬೇಕು ಅನ್ನೋ ಕಾನೂನು ಮಾಡ್ತು, ಅದರ ನಿಯಮಗಳು ಜಾರಿಗೆ ಬಂದಿದ್ದು 2022ರ ಡಿಸೆಂಬರಲ್ಲಿ. ಭಾರತದಲ್ಲಿ ರಿಸರ್ವ್ ಬ್ಯಾಂಕು 2024ರ ಅಕ್ಟೋಬರ್ 1ರಿಂದ ಸಣ್ಣ ಉದ್ಯಮಗಳ ಟರ್ಮ್ ಲೋನಿಗೂ (ಇಂತಿಷ್ಟು ಅವಧಿಗೆ ಅಂತ ಕೊಡೋ ಸಾಲ) ಎಪಿಆರ್ ಇರೋ ಒಂದು ಮುಖ್ಯಾಂಶಗಳ ಹಾಳೆ ಕೊಡ್ಲೇಬೇಕು ಅಂತ ಮಾಡಿದೆ. ಅಂಥ ಹಾಳೆ ಕೊಡ್ಬೇಕಾದ ಕಡೆ ಕೊಡದೇ ಸೈನ್ ಮಾಡಿ ಅಂದ್ರೆ ಎದ್ದು ಬನ್ನಿ.

ಮೇಲೆ ಹೇಳಿದ 1.3ರ ವ್ಯವಹಾರ ಎಷ್ಟೋ ಸಲ ಕಾನೂನಿನ ಕಣ್ಣಲ್ಲಿ ಸಾಲವೇ ಅಲ್ಲ. ನಿಮಗೆ ಮುಂದೆ ಬರೋ ವ್ಯಾಪಾರದ ದುಡ್ಡನ್ನ ನಾವು ಈಗಲೇ ಕೊಂಡ್ಕೊತಿದ್ದೀವಿ ಅಂತ ಬರ್ಕೊಂಡಿರ್ತಾರೆ, ಮರ್ಚೆಂಟ್ ಕ್ಯಾಶ್ ಅಡ್ವಾನ್ಸ್ ಅಂತ ಅದರ ಹೆಸರು. ದಿನಾ ಅಥವಾ ವಾರವಾರ ಅಕೌಂಟಿಂದ ಅವರೇ ಎಳ್ಕೊತಾರೆ. ಬೇಗ ತೀರಿಸಿದ್ರೆ ಏನಾದ್ರೂ ಉಳಿಯತ್ತಾ ಅಂದ್ರೆ ಇಲ್ಲ, ಯಾಕಂದ್ರೆ ಆ 30,000 ಬಡ್ಡಿ ಅಲ್ಲ, ಬೆಲೆ, ಅದು ಮೊದಲನೇ ದಿನವೇ ಫಿಕ್ಸ್ ಆಗಿರತ್ತೆ.

ಇದ್ರಲ್ಲಿ ನಿಜವಾಗ್ಲೂ ಕತ್ತು ಕುಯ್ಯೋದು ರಿನ್ಯೂವಲ್. ಹದಿಮೂರನೇ ವಾರಕ್ಕೆ ಫೋನ್ ಬರತ್ತೆ, "ಸಾರ್ ನಿಮ್ಮ ಟ್ರ್ಯಾಕ್ ರೆಕಾರ್ಡ್ ಸೂಪರ್ ಇದೆ, ಮತ್ತೆ ಒಂದು ಲಕ್ಷ ಅಪ್ರೂವ್ ಆಗಿದೆ" ಅಂತ. ಆಗ ನಿಮ್ಮ ಪರಿಸ್ಥಿತಿ ಏನು? 65,000 ಕಟ್ಟಿದೀರಿ, ಇನ್ನೂ 65,000 ಬಾಕಿ. ಹೊಸ ಒಂದು ಲಕ್ಷದಲ್ಲಿ ಹಳೇ ಬಾಕಿ 65,000 ಅವರೇ ಮುರ್ಕೋತಾರೆ, ಪ್ರೊಸೆಸಿಂಗ್ ಫೀ ಮುರ್ಕೊಳ್ದೇ ಇದ್ರೂ ನಿಮ್ಮ ಕೈಗೆ ಬರೋದು 35,000. ಇನ್ಮುಂದೆ ಕಟ್ಬೇಕಾಗಿರೋದು ಮತ್ತೆ 1,30,000. ನಿನ್ನೆವರೆಗೂ 65,000 ಸಾಲ ಇತ್ತು, ಇವತ್ತು 1,30,000 ಆಯ್ತು, ಅಂದ್ರೆ ಕೈಗೆ ಬಂದ 35,000ಕ್ಕೆ 65,000 ಹೊಸದಾಗಿ ತಲೆ ಮೇಲೆ ಹೊತ್ಕೊಂಡ್ರಿ. ಹಳೇ ಬಾಕಿ ಒಳಗೆ ಇದ್ದ ಆ 30,000ದ ಪಾಲಿನ ಮೇಲೂ ಈಗ ಇನ್ನೊಂದು ಸಲ 1.3 ಬಿತ್ತು. ನನ್ನ ಗೆಳೆಯ ಆ ರಾತ್ರಿ ಸೈನ್ ಮಾಡ್ಲಿಲ್ಲ, ಆದ್ರೆ ಅದಕ್ಕೆ ಎಂಟು ತಿಂಗಳ ಮುಂಚೆ ಬೇರೆ ಕಡೆ ಇಂಥದ್ದೇ ಒಂದು ಮಾಡಿದ್ದ, ನಂಗೆ ಹೇಳೇ ಇರ್ಲಿಲ್ಲ. ಆ ಸ್ಟೇಟ್‌ಮೆಂಟ್ ಆಮೇಲೆ ನೋಡ್ದೆ, ಪ್ರತೀ ಸೋಮವಾರ ಒಂದೇ ಮೊತ್ತ ಹೋಗಿದೆ, ಗಿರಾಕಿಯಿಂದ ದುಡ್ಡು ಬರ್ಲಿ ಬಿಡ್ಲಿ, ಒಂದು ಸೋಮವಾರ ಅಕೌಂಟಲ್ಲಿ ದುಡ್ಡಿಲ್ದೇ ಬೌನ್ಸ್ ಆಗಿ ಬ್ಯಾಂಕಿನ ಚಾರ್ಜು ಬೇರೆ, ಕಂಪನಿಯ ಚಾರ್ಜು ಬೇರೆ.

ಸರಿ, ಹಾಗಾದ್ರೆ ಎಲ್ಲಿಗೆ ಹೋಗೋದು? ದೊಡ್ಡ ಬ್ಯಾಂಕಿಗೆ ಸಣ್ಣ ಸಾಲ ಬೇಡ. ಇದ್ರಲ್ಲಿ ದ್ವೇಷ ಏನಿಲ್ಲ, ಸಿಂಪಲ್ ಲೆಕ್ಕ: ಒಂದು ಲಕ್ಷದ ಫೈಲ್ ಓದೋಕೂ ಐವತ್ತು ಲಕ್ಷದ ಫೈಲ್ ಓದೋಕೂ ಆಫೀಸರಿಗೆ ಹೆಚ್ಚುಕಮ್ಮಿ ಒಂದೇ ಟೈಮ್ ಹಿಡಿಯತ್ತೆ, ಬಡ್ಡಿ ಬರೋದು ಮಾತ್ರ ಐವತ್ತನೇ ಒಂದು ಪಾಲು. ಹಾಗಾಗಿ ಮೂರು ವರ್ಷದ ಬ್ಯಾಲೆನ್ಸ್ ಶೀಟ್ ತನ್ನಿ, ಆಸ್ತಿ ಪತ್ರ ತನ್ನಿ ಅಂದು ಸಾಗಹಾಕ್ತಾರೆ. ಆ ಬಾಗಿಲಿಗೂ ದಿನಗಂತಿನೋರ ಬಾಗಿಲಿಗೂ ಮಧ್ಯೆ ಮೂರನೇ ಬಾಗಿಲು ಒಂದಿದೆ, ಅದೇ ಕಮ್ಯುನಿಟಿ ಲೆಂಡರ್‌ಗಳದ್ದು. ಸಹಕಾರ ಸಂಘ, ಕ್ರೆಡಿಟ್ ಯೂನಿಯನ್ (ಸದಸ್ಯರೇ ಸೇರಿ ನಡೆಸೋ ಸಹಕಾರಿ ಬ್ಯಾಂಕಿನ ಥರದ್ದು), ಲಾಭ ಇಲ್ಲದ ಸಾಲ ನಿಧಿ, ಸ್ವಸಹಾಯ ಗುಂಪುಗಳ ಒಕ್ಕೂಟ, ಬಡ್ಡಿ ಇಲ್ಲದೇ ಸಾಲ ಕೊಡೋ ಸೊಸೈಟಿ, ಹೀಗೆ ಒಂದೊಂದು ದೇಶದಲ್ಲಿ ಒಂದೊಂದು ರೂಪ. ಒಳಗಿನ ಐಡಿಯಾ ಒಂದೇ, ಒಂದು ಊರಿಗೋ ಒಂದು ವರ್ಗದ ಜನಕ್ಕೋ ಸಾಲ ಸಿಗ್ಲಿ ಅಂತಾನೇ ಹುಟ್ಟಿದ ಸಂಸ್ಥೆ, ಲಾಭ ಬಂದ್ರೆ ಅಲ್ಲೇ ಉಳಿಯತ್ತೆ.

ಐಡಿಯಾ ಹಳೇದು. ಜರ್ಮನಿಯಲ್ಲಿ ಹೆರ್ಮನ್ ಶುಲ್ಜ್ ಡೆಲಿಚ್ ಅನ್ನೋರು 1850ರಲ್ಲಿ ಕುಶಲಕರ್ಮಿಗಳಿಗೆ ಒಂದು ಸಾಲದ ಸಂಘ ಕಟ್ಟಿದ್ರು, ಹಳ್ಳಿ ಕಡೆ ಮೇಯರ್ ಆಗಿದ್ದ ಫ್ರೀಡ್ರಿಶ್ ವಿಲ್ಹೆಲ್ಮ್ ರೈಫೈಸೆನ್ 1864ರಲ್ಲಿ ಹೆಡೆಸ್‌ಡಾರ್ಫಲ್ಲಿ ರೈತರಿಗೆ ಇನ್ನೊಂದು ಕಟ್ಟಿದ್ರು. ರೈಫೈಸೆನ್ ಸಂಘಗಳ ನಿಯಮ ಕೇಳಿದ್ರೆ ಇವತ್ತಿಗೂ ಬೆರಗಾಗತ್ತೆ: ಪರಸ್ಪರ ಗುರುತಿರೋ ಜನ ಇರೋ ಸಣ್ಣ ಪ್ರದೇಶಕ್ಕೆ ಮಾತ್ರ ಒಂದು ಸಂಘ, ಸಂಘ ಮುಳುಗಿದ್ರೆ ಸದಸ್ಯರೆಲ್ಲ ತಮ್ಮ ಆಸ್ತಿಯಿಂದಾನೇ ಹೊಣೆ. ಅಂದ್ರೆ ಪಕ್ಕದ ಮನೆಯವನಿಗೆ ತೀರಿಸೋಕಾಗದಷ್ಟು ಸಾಲ ಕೊಟ್ರೆ ನಿಮ್ಮ ಹೊಲಕ್ಕೇ ಕುತ್ತು. ಆಸ್ತಿಪತ್ರದ ಬದ್ಲು ಪರಿಚಯನೇ ಅಡಮಾನ. ಕೆನಡಾದಲ್ಲಿ ಅಲ್ಫೋನ್ಸ್ ಡೆಜಾರ್ಡಿನ್ ಅಂತ ಪಾರ್ಲಿಮೆಂಟಲ್ಲಿ ಭಾಷಣ ಬರ್ಕೊಳ್ಳೋ ಕೆಲಸದೋರು, 1897ರಲ್ಲಿ ಮೀಟರ್ ಬಡ್ಡಿ ಬಗ್ಗೆ ನಡೆದ ಚರ್ಚೆ ಕೇಳಿ ತಲೆ ಕೆಡಿಸ್ಕೊಂಡು 1900ರ ಡಿಸೆಂಬರಲ್ಲಿ ಲೆವಿ ಅನ್ನೋ ಊರಲ್ಲಿ ಜನರ ಬ್ಯಾಂಕ್ ಶುರು ಮಾಡಿದ್ರು, ಮೊದಲನೇ ಠೇವಣಿ 10 ಸೆಂಟ್. ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ 1905ರಲ್ಲಿ ಸಹಕಾರಿ ಪತ್ತಿನ ಸಂಘ ಹುಟ್ಟಿದ್ದು ಸ್ಕೂಲ್ ಪುಸ್ತಕದಲ್ಲಿ ಓದಿರ್ತೀರಿ, ಅದೂ ಇದೇ ಬಳ್ಳಿಯ ಕುಡಿ. ಬಾಂಗ್ಲಾದೇಶದ ಜೋಬ್ರಾ ಹಳ್ಳಿಯಲ್ಲಿ 1976ರಲ್ಲಿ ಮುಹಮ್ಮದ್ ಯೂನುಸ್ 42 ಜನಕ್ಕೆ ಎಲ್ಲಾ ಸೇರಿ 27 ಡಾಲರ್‌ನಷ್ಟು ಸಾಲ ಕೊಟ್ಟಿದ್ದು ಮುಂದೆ 1983ರಲ್ಲಿ ಗ್ರಾಮೀಣ ಬ್ಯಾಂಕ್ ಆಯ್ತು. ಅಮೆರಿಕದಲ್ಲಿ 1994ರ ಒಂದು ಕಾನೂನು ಇಂಥ ಸಂಸ್ಥೆಗಳಿಗೆ ಸಿಡಿಎಫ್‌ಐ (ಕಮ್ಯುನಿಟಿ ಡೆವಲಪ್‌ಮೆಂಟ್ ಫೈನಾನ್ಷಿಯಲ್ ಇನ್‌ಸ್ಟಿಟ್ಯೂಷನ್) ಅನ್ನೋ ಸರ್ಕಾರಿ ಮಾನ್ಯತೆ ಕೊಡೋಕೆ ಶುರು ಮಾಡ್ತು.

ಆ ಸಿಡಿಎಫ್‌ಐ ಮಾನ್ಯತೆಯ ಷರತ್ತುಗಳು ನಂಗೆ ಇಷ್ಟ, ಯಾಕಂದ್ರೆ ಬೇರೆ ಯಾವ ದೇಶದಲ್ಲಿದ್ರೂ ಒಂದು ಸಂಸ್ಥೆಯನ್ನ ಅಳೆಯೋಕೆ ಅವನ್ನ ಬಳಸ್ಬಹುದು. ಸಾಲದಲ್ಲಿ ಕಮ್ಮಿ ಅಂದ್ರೂ 60 ಪರ್ಸೆಂಟ್ ತಾನು ಸೇವೆ ಮಾಡ್ತೀನಿ ಅಂತ ಹೇಳ್ಕೊಂಡ ಜನಕ್ಕೇ, ಜಾಗಕ್ಕೇ ಹೋಗ್ಬೇಕು. ಸಾಲದ ಜೊತೆ ಲೆಕ್ಕಪತ್ರ, ವ್ಯಾಪಾರದ ಸಲಹೆ ಥರದ ಸಹಾಯನೂ ಕೊಡ್ಬೇಕು. ಆಡಳಿತದಲ್ಲಿ ಆ ಜನಕ್ಕೆ ದನಿ ಇರ್ಬೇಕು. ನಿಮ್ಮ ಎದುರಿಗಿರೋ ಸಂಸ್ಥೆ ಸಮುದಾಯ, ಸೇವೆ ಅಂತೆಲ್ಲಾ ಬೋರ್ಡ್ ಹಾಕ್ಕೊಂಡಿದ್ರೆ ಈ ಮೂರನ್ನ ಕೇಳಿ ನೋಡಿ, ಯಾರಿಗೆ ಕೊಡ್ತೀರಿ, ಸಾಲ ಬಿಟ್ಟು ಇನ್ನೇನು ಕೊಡ್ತೀರಿ, ನಿಮ್ಮನ್ನ ಪ್ರಶ್ನೆ ಕೇಳೋರು ಯಾರು ಅಂತ. ಮೂರನೇ ಪ್ರಶ್ನೆಗೆ ಮುಖ ಗಂಟಿಕ್ಕಿದ್ರೆ ಅರ್ಥ ಆಯ್ತಲ್ಲ.

ಒಂದು ತಪ್ಪು ಕಲ್ಪನೆ ಈಗಲೇ ಬಿಟ್ಬಿಡಿ, ಕಮ್ಯುನಿಟಿ ಲೆಂಡರ್ ಅಂದ್ರೆ ಎಲ್ಲಕ್ಕಿಂತ ಅಗ್ಗ ಅನ್ನೋದು. ದೊಡ್ಡ ಬ್ಯಾಂಕ್ ನಿಮಗೆ ಸಾಲ ಕೊಡೋಕೆ ತಯಾರಿದ್ರೆ ಬಹುಶಃ ಬ್ಯಾಂಕೇ ಅಗ್ಗ. ಸಣ್ಣ ಸಾಲದ ಖರ್ಚಿನ ಲೆಕ್ಕ ಮೇಲೆ ಹೇಳಿದ್ನಲ್ಲ, ಅದು ಇವರಿಗೂ ಬಿಟ್ಟಿದ್ದಲ್ಲ, ದುಡ್ಡನ್ನ ಇವರೂ ಎಲ್ಲಿಂದಾದ್ರೂ ತರ್ಬೇಕು. ಸದಸ್ಯರ ಠೇವಣಿ, ಸರ್ಕಾರದ ನಿಧಿ, ದಾನ, ಕೆಲವು ಸಲ ದೊಡ್ಡ ಬ್ಯಾಂಕುಗಳೇ ಕೊಡೋ ದುಡ್ಡು. ಅಮೆರಿಕದ ಬ್ಯಾಂಕುಗಳಿಗೆ ತಾವಿರೋ ಬಡಾವಣೆಗಳ ಸಾಲದ ಅಗತ್ಯ ಪೂರೈಸೋ ಜವಾಬ್ದಾರಿ ಹಾಕೋ ಕಾನೂನು 1977ರಿಂದ ಇದೆ, ಹಾಗಾಗಿ ಅವು ಇಂಥ ಸಂಸ್ಥೆಗಳಿಗೆ ಫಂಡ್ ಮಾಡ್ತವೆ. ದಾನದ ದುಡ್ಡು ಬೆರೆತಿರೋ ಕಡೆ ದರ ಇಳಿಯತ್ತೆ, ಇಲ್ಲದ ಕಡೆ ಬ್ಯಾಂಕಿಗಿಂತ ನಾಲ್ಕೈದು ಪಾಯಿಂಟ್ ಜಾಸ್ತಿ ಇದ್ರೂ ನಾನು ಅನ್ಯಾಯ ಅನ್ನಲ್ಲ. ಹೋಲಿಸ್ಬೇಕಾಗಿರೋದು ನಿಮಗೆ ಕೊಡ್ದೇ ಇರೋ ಬ್ಯಾಂಕಿನ ದರದ ಜೊತೆಗಲ್ಲ, ನಾಳೆ ಬೆಳಿಗ್ಗೆ ದುಡ್ಡು ಹಾಕ್ತೀನಿ ಅಂತಿರೋ 120ರ ಜೊತೆಗೆ.

ನನ್ನ ಪ್ರಕಾರ ಇವರ ಹತ್ರ ಸಿಗೋ ದೊಡ್ಡ ಲಾಭ ದರದಲ್ಲಿಲ್ಲ, ಅವರು ಕೇಳೋ ಪ್ರಶ್ನೆಗಳಲ್ಲಿದೆ. ದಿನಗಂತಿನವರು ಜಾಸ್ತಿ ಏನೂ ಕೇಳಲ್ಲ, ಯಾಕೆ ಕೇಳ್ಬೇಕು, ನಿಮ್ಮ ಅಕೌಂಟಿಂದ ದುಡ್ಡು ಎಳಿಯೋ ಹಕ್ಕು ಅವರ ಕೈಲಿದೆ, ನೀವು ತೀರಿಸೋ ಶಕ್ತಿ ಇರೋರಾ ಇಲ್ವಾ ಅನ್ನೋದು ಅವರಿಗೆ ಎರಡನೇ ಮಾತು. ಕಂತು ಕಂತಾಗಿ ವಾಪಸ್ ಬಂದ್ರೇನೇ ಉಳಿಯೋ ಸಂಸ್ಥೆ ಮಾತ್ರ ಕೂತು ಕೇಳತ್ತೆ.

ಕಟಿಂಗ್ ಮಷೀನಿಗೆ ಸಾಲ ಕೇಳೋಕೆ ಗೆಳೆಯನ ಜೊತೆ ನಾನೂ ಒಂದು ಸಣ್ಣ ಸಾಲ ನಿಧಿಯ ಆಫೀಸಿಗೆ ಹೋಗಿದ್ದೆ. ಎದುರಿಗೆ ಕೂತಿದ್ದ ಮೇಡಂ ಅರ್ಜಿ ಫಾರಂ ಪಕ್ಕಕ್ಕಿಟ್ಟು ಮೊದಲು ಕೇಳಿದ್ದು, "ವರ್ಷದಲ್ಲಿ ಕೆಟ್ಟ ತಿಂಗಳು ಯಾವುದು ನಿಮಗೆ?" ಅಂತ. ಇವನು ತಡವರಿಸಿದ. ಅವರು ಹನ್ನೆರಡು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಮುಂದಿಟ್ಕೊಂಡು ಪೆನ್ಸಿಲಲ್ಲಿ ಪ್ರತೀ ತಿಂಗಳು ಒಳಗೆ ಬಂದಿದ್ದೆಷ್ಟು ಹೊರಗೆ ಹೋಗಿದ್ದೆಷ್ಟು ಅಂತ ಬರೀತಾ ಹೋದ್ರು, ಮನೆ ಖರ್ಚಿಗೆ ತೆಗೆದಿದ್ದನ್ನ ಬೇರೆ ಕಾಲಂನಲ್ಲಿ. ಕೊನೆಗೆ ನೋಡಿದ್ರೆ ಸರಾಸರಿ ತಿಂಗಳಿಗೆ 10,000 ಉಳಿಯತ್ತೆ. "ಹಾಗಾದ್ರೆ ಕಂತು 8,000 ದಾಟಬಾರ್ದು" ಅಂದ್ರು. ಸಾಲ ಕೊಡೋರ ಲೋಕದಲ್ಲಿ ಇದಕ್ಕೆ ಒಂದು ಅನುಪಾತ ಇದೆ, ಉಳಿಯೋ ದುಡ್ಡು ಕಂತಿನ 1.25 ಪಟ್ಟಾದ್ರೂ ಇರ್ಬೇಕು ಅಂತ ಸಾಮಾನ್ಯವಾಗಿ ನೋಡ್ತಾರೆ, ಆ ಮಿಕ್ಕ ಕಾಲು ಭಾಗ ಕೆಟ್ಟ ತಿಂಗಳಿಗೆ. ಆಮೇಲೆ ಇನ್ನೊಂದು ಪ್ರಶ್ನೆ, "ಈ ಮಷೀನ್ ಬಂದ್ರೆ ಏನು ಬದಲಾಗತ್ತೆ, ನಂಬರಲ್ಲಿ ಹೇಳಿ." ಹೊರಗೆ ಕೊಟ್ಟು ಮಾಡಿಸ್ತಿದ್ದ ಕಟಿಂಗ್ ಕೆಲಸ ಒಳಗೇ ಆಗತ್ತೆ ಅಂದ ಇವನು, ಅದಕ್ಕೆ ತಿಂಗಳಿಗೆ ಎಷ್ಟು ಕೊಡ್ತಿದ್ದೆ ಅನ್ನೋದು ಮಾತ್ರ ಹಳೇ ಬಿಲ್ ಹುಡುಕಿದ ಮೇಲೇ ಗೊತ್ತಾಗಿದ್ದು. ಅವತ್ತು ಸಾಲ ಸಿಗ್ಲಿಲ್ಲ. ಕೇಳಿದ್ದಕ್ಕಿಂತ ಕಮ್ಮಿ ಮೊತ್ತ, ಅದೂ ಹಳೇ ವಾರದ ಕಂತು ತೀರಿಸ್ಕೊಂಡು ಬಂದ್ಮೇಲೆ, ಅಂತ ಹೇಳಿ ಕಳಿಸಿದ್ರು. ಇವನಿಗೆ ಸಿಟ್ಟು. ನನಗೆ ಮಾತ್ರ ಆ ಆಫೀಸಲ್ಲಿ ಆವಾಗ್ಲೇ ನಂಬಿಕೆ ಬಂತು.

ಹಾಗಾಗಿ ಹೋಗೋ ಮುಂಚೆ ಆ ಪೆನ್ಸಿಲ್ ಲೆಕ್ಕ ಮನೆಯಲ್ಲೇ ಮಾಡ್ಕೊಂಡು ಹೋಗಿ. ಹನ್ನೆರಡು ತಿಂಗಳು, ಒಳಗೆ, ಹೊರಗೆ, ಉಳಿದಿದ್ದು. ಈಗಾಗಲೇ ಇರೋ ಸಾಲಗಳ ಪಟ್ಟಿ, ಬಾಕಿ ಎಷ್ಟು ಕಂತೆಷ್ಟು ಅಂತ, ಕೈಸಾಲನೂ ಸೇರಿಸಿ, ಮುಚ್ಚಿಟ್ರೆ ಹೇಗಿದ್ರೂ ಸ್ಟೇಟ್‌ಮೆಂಟಲ್ಲಿ ಸಿಕ್ಕಿಬೀಳತ್ತೆ. ತೆರಿಗೆ ಕಾಗದ, ಲೈಸೆನ್ಸ್, ಕೊಳ್ಳೋ ವಸ್ತುವಿನ ಕೊಟೇಶನ್. ಬಿಸಿನೆಸ್ಸಿಗೂ ಮನೆಗೂ ಒಂದೇ ಅಕೌಂಟ್ ಬಳಸ್ತಿದ್ರೆ ಇವತ್ತೇ ಬೇರೆ ಮಾಡಿ, ಆರು ತಿಂಗಳಾದ್ಮೇಲೆ ನನ್ನ ನೆನೆಸ್ಕೋತೀರಿ.

ಸಂಸ್ಥೆ ಹುಡುಕೋದು ಹೇಗೆ ಅಂದ್ರೆ, ಜಾಹೀರಾತಿಂದ ಶುರು ಮಾಡ್ಬೇಡಿ. ಇಂಟರ್ನೆಟ್ಟಲ್ಲಿ ಬಿಸಿನೆಸ್ ಲೋನ್ ಅಂತ ಹುಡುಕಿದ್ರೆ ಮೇಲೆ ಬರೋದು ಜಾಹೀರಾತಿಗೆ ಜಾಸ್ತಿ ಸುರಿಯೋರು, ಆ ದುಡ್ಡು ಯಾರ ಕಂತಿಂದ ಬರತ್ತೆ ಅಂತ ಬಿಡಿಸಿ ಹೇಳ್ಬೇಕಿಲ್ಲ. ಅದರ ಬದ್ಲು ಪಟ್ಟಿ ಇಟ್ಕೊಂಡಿರೋರ ಕಡೆ ಹೋಗಿ: ಸಹಕಾರ ಸಂಘಗಳ ರಿಜಿಸ್ಟ್ರಾರ್, ಕ್ರೆಡಿಟ್ ಯೂನಿಯನ್ ನೋಡ್ಕೊಳ್ಳೋ ಇಲಾಖೆ, ಇಂಥ ಸಂಸ್ಥೆಗಳ ಒಕ್ಕೂಟ. ಅಮೆರಿಕದಲ್ಲಾದ್ರೆ ಸಿಡಿಎಫ್‌ಐ ಫಂಡ್ ಅನ್ನೋ ಸರ್ಕಾರಿ ಸಂಸ್ಥೆ ಮಾನ್ಯತೆ ಪಡೆದವರ ಪಟ್ಟಿ ಪ್ರಕಟ ಮಾಡತ್ತೆ, ಅಲ್ಲಿನ ಸಣ್ಣ ಉದ್ಯಮ ಇಲಾಖೆಯ ಮೈಕ್ರೋಲೋನ್ 50,000 ಡಾಲರ್‌ವರೆಗೆ ಸಿಗೋದೂ ಇಂಥ ಲಾಭರಹಿತ ಸಂಸ್ಥೆಗಳ ಮೂಲಕಾನೇ. ಬ್ರಿಟನ್ನಲ್ಲಿ ರೆಸ್ಪಾನ್ಸಿಬಲ್ ಫೈನಾನ್ಸ್ ಅನ್ನೋ ಒಕ್ಕೂಟ ಇದೆ. ಕೀವಾ ಅಂತ 2005ರಲ್ಲಿ ಶುರುವಾದ ಒಂದು ವೆಬ್‌ಸೈಟ್ ಇದೆ, ಅದ್ರಲ್ಲಿ ನೂರಾರು ಜನ ಸ್ವಲ್ಪ ಸ್ವಲ್ಪ ಹಾಕಿ ಒಬ್ಬರಿಗೆ ಸಾಲ ಕೊಡ್ತಾರೆ, ಅಮೆರಿಕದ ಸಣ್ಣ ಉದ್ಯಮಿಗಳಿಗೆ ಅದು ಬಡ್ಡಿ ಇಲ್ಲದ ಸಾಲ. ಅದಕ್ಕೂ ಮುಂಚೆ ನಿಮಗೆ ಗೊತ್ತಿರೋ ಜನರಲ್ಲೇ ಕೆಲವರು ನಿಮಗೆ ಸಣ್ಣ ಮೊತ್ತ ಕೊಟ್ಟು ನಂಬಿಕೆ ತೋರಿಸ್ಬೇಕು, ರೈಫೈಸೆನ್ನೇ ಬಂದು ಆ್ಯಪ್ ಬರೆದ ಹಾಗಿದೆ. ಇನ್ನೊಂದು ದಾರಿ ಜನ ಮರೀತಾರೆ, ನಿಮ್ಮನ್ನ ತಿರಸ್ಕರಿಸಿದ ಬ್ಯಾಂಕಿನ ಆಫೀಸರನ್ನೇ ಕೇಳೋದು, "ನಿಮ್ಮಲ್ಲಿ ಆಗ್ಲಿಲ್ಲ ಸರಿ, ಇಷ್ಟು ಸಣ್ಣ ಸಾಲ ಕೊಡೋರು ಯಾರಿದ್ದಾರೆ?" ಅಂತ. ಸಂಕೋಚ ಬೇಡ, ಎಷ್ಟೋ ಸಲ ಅವರಿಗೆ ಗೊತ್ತಿರತ್ತೆ.

ಮಧ್ಯೆ ಬ್ರೋಕರ್ ಇದ್ರೆ ಎರಡು ಪ್ರಶ್ನೆ ಕೇಳ್ಲೇಬೇಕು, ನಿನ್ನ ಕಮಿಷನ್ ಯಾರು ಕೊಡ್ತಾರೆ, ದುಬಾರಿ ಸಾಲ ಕೊಡಿಸಿದ್ರೆ ಕಮಿಷನ್ ಜಾಸ್ತಿ ಬರತ್ತಾ? ಅಮೆರಿಕದಲ್ಲಿ 2015ರಲ್ಲಿ ಕೆಲವು ಸಾಲ ಸಂಸ್ಥೆಗಳು ಮತ್ತೆ ಸಾಮಾಜಿಕ ಸಂಘಟನೆಗಳು ಸೇರಿ ಸಣ್ಣ ಉದ್ಯಮದ ಸಾಲಗಾರರ ಹಕ್ಕುಪತ್ರ ಅಂತ ಒಂದು ಮಾಡಿದ್ರು, ಅದ್ರಲ್ಲಿ ದರ ತೆರೆದಿಡೋದು, ತೀರಿಸೋ ಶಕ್ತಿ ನೋಡಿ ಸಾಲ ಕೊಡೋದು, ವಸೂಲಿಯಲ್ಲಿ ಮರ್ಯಾದೆ ಇವುಗಳ ಜೊತೆ ಬ್ರೋಕರ್‌ಗಳ ನಡವಳಿಕೆನೂ ಒಂದು ಹಕ್ಕಾಗಿ ಸೇರ್ಕೊಂಡಿದೆ, ಅಂದ್ರೆ ಆ ಜಾಗದಲ್ಲಿ ಎಷ್ಟು ಗಾಯ ಆಗಿರ್ಬೇಕು ಲೆಕ್ಕ ಹಾಕಿ.

ಆಫರ್ ಕೈಗೆ ಬಂತು ಅಂದ್ಕೊಳ್ಳಿ. ದರ ಹೇಗಿದ್ರೂ ಲೆಕ್ಕ ಹಾಕ್ತೀರಿ. ಅದಾದ್ಮೇಲೆ ನಾನು ಮೊದಲು ಹುಡುಕೋದು ಎರಡು ಕಡೆ. ಒಂದು, ಬೇಗ ತೀರಿಸಿದ್ರೆ ಏನಾಗತ್ತೆ, ಉಳಿದ ಬಡ್ಡಿ ಬಿಡ್ತಾರಾ ಇಲ್ಲ ದಂಡ ಹಾಕ್ತಾರಾ. ಇನ್ನೊಂದು, ಅಡಮಾನ ಏನು. ಕೊಳ್ಳೋ ಮಷೀನ್ ಒಂದನ್ನೇ ಅಡಮಾನ ಹಿಡಿಯೋದು ಬೇರೆ, ನಿಮ್ಮ ಬಿಸಿನೆಸ್ಸಿನ ಈಗಿರೋ ಮುಂದೆ ಬರೋ ಎಲ್ಲಾ ಆಸ್ತಿ ಮೇಲೆ ಹಕ್ಕು ಬರೆಸ್ಕೊಳ್ಳೋದು ಬೇರೆ, ಎರಡನೇದು ಮಾಡಿದ್ರೆ ಅದು ತೀರೋವರೆಗೂ ಬೇರೆ ಯಾರೂ ಸುಲಭಕ್ಕೆ ನಿಮಗೆ ಸಾಲ ಕೊಡಲ್ಲ. ವೈಯಕ್ತಿಕ ಜಾಮೀನು ಕಮ್ಯುನಿಟಿ ಲೆಂಡರ್‌ಗಳೂ ಕೇಳ್ತಾರೆ, ಅದು ಮಾಮೂಲಿ, ಆದ್ರೆ ಮನೆ ಅದ್ರಲ್ಲಿ ಸೇರಿದ್ಯಾ ಅನ್ನೋದನ್ನ ಬಾಯಿಬಿಟ್ಟು ಕೇಳಿ, ಮನೆಯವರನ್ನೂ ಪಕ್ಕದಲ್ಲಿ ಕೂರಿಸ್ಕೊಂಡು ಕೇಳಿ. ಸಾಲದ ಅವಧಿ ಸಾಲದಿಂದ ಕೊಳ್ಳೋ ವಸ್ತುವಿನ ಆಯಸ್ಸಿಗೆ ಹೊಂದ್ಬೇಕು, ಐದು ವರ್ಷ ದುಡಿಯೋ ಮಷೀನಿಗೆ ಆರು ತಿಂಗಳ ಸಾಲ ಮಾಡಿದ್ರೆ ಮಷೀನ್ ದುಡಿಯೋಕೆ ಮುಂಚೆನೇ ಅದರ ದುಡ್ಡು ಕೊಟ್ಟು ಮುಗಿಸ್ಬೇಕು, ಅದು ನಡೆಯಲ್ಲ. ನೀವು ಸರಿಯಾಗಿ ಕಟ್ಟಿದ್ದನ್ನ ಕ್ರೆಡಿಟ್ ಬ್ಯೂರೋಗೆ (ಯಾರು ಸಾಲ ಹೇಗೆ ತೀರಿಸಿದ್ರು ಅಂತ ದಾಖಲೆ ಇಡೋ ಸಂಸ್ಥೆ) ಹೇಳ್ತಾರಾ ಅಂತಾನೂ ಕೇಳಿ, ಹೇಳಿದ್ರೆ ಈ ಸಾಲವೇ ಮುಂದೆ ಬ್ಯಾಂಕಿಗೆ ಹೋಗೋ ಮೆಟ್ಟಿಲು.

ಕಮ್ಯುನಿಟಿ ಅನ್ನೋ ಪದಕ್ಕೇ ಮರುಳಾಗೋದೂ ಬೇಡ. ಆಂಧ್ರಪ್ರದೇಶದಲ್ಲಿ 2010ರಲ್ಲಿ ಮೈಕ್ರೋಫೈನಾನ್ಸ್ ಬಿಕ್ಕಟ್ಟು ಆಯ್ತಲ್ಲ, ಬಡವರಿಗಾಗಿ ಅಂತ ಶುರುವಾದ ವ್ಯವಸ್ಥೆಯಲ್ಲೇ ಒಂದೇ ಮನೆಗೆ ಮೂರ್ನಾಲ್ಕು ಕಡೆಯಿಂದ ಸಾಲ, ವಸೂಲಿಗೆ ಗುಂಪಿನ ಒತ್ತಡ, ಕೊನೆಗೆ ಸರ್ಕಾರವೇ ಮಧ್ಯೆ ಬರ್ಬೇಕಾಯ್ತು. ಪರಿಚಯವನ್ನೇ ಅಡಮಾನ ಮಾಡಿದ್ರೆ ಅದಕ್ಕೆ ಈ ಕಡೆ ಮುಖನೂ ಇದೆ, ನಿಮ್ಮ ಕಂತು ತಪ್ಪಿದ್ರೆ ಬಾಗಿಲಿಗೆ ಬರೋದು ನಿಮ್ಮ ಅಕ್ಕಪಕ್ಕದವರೇ. ಗುಂಪಿನ ಹೊಣೆ ಇರೋ ಸಾಲಕ್ಕೆ ಸೇರೋ ಮುಂಚೆ ಉಳಿದ ಸದಸ್ಯರ ಕಂತನ್ನ ನೀವು ಕಟ್ಟೋ ಸಂದರ್ಭ ಬಂದ್ರೆ ಆಗತ್ತಾ ಅಂತ ಯೋಚ್ನೆ ಮಾಡಿ. ಇನ್ನು ಷಿಕಾಗೋದ ಶೋರ್‌ಬ್ಯಾಂಕ್ 1973ರಿಂದ ಈ ಕ್ಷೇತ್ರಕ್ಕೇ ಮಾದರಿ ಅನ್ನಿಸ್ಕೊಂಡಿದ್ದ ಬ್ಯಾಂಕು, ಅದೂ 2010ರಲ್ಲಿ ಮುಚ್ಚಿತು. ಸಾಲಗಾರರಾಗಿ ನಿಮಗೆ ಅದ್ರಿಂದ ದೊಡ್ಡ ತೊಂದರೆ ಇಲ್ಲ, ಆದ್ರೆ ಸದಸ್ಯರಾಗಿ ಠೇವಣಿನೂ ಇಡಿ ಅಂದ್ರೆ, ಠೇವಣಿಗೆ ವಿಮೆ ಇದ್ಯಾ, ಎಷ್ಟರವರೆಗೆ ಅನ್ನೋದು ಬೇರೆಯಾಗೇ ಕೇಳ್ಬೇಕಾದ ವಿಷಯ.

ಗೆಳೆಯನ ಕಥೆ ಎಲ್ಲಿಗೆ ಬಂತು ಅಂದ್ರೆ, ಹಳೇ ವಾರದ ಕಂತು ಮುಗಿಯೋವರೆಗೂ ಹಲ್ಲು ಕಚ್ಕೊಂಡು ಕಾದ, ಆಮೇಲೆ ಅದೇ ಆಫೀಸಿಗೆ ವಾಪಸ್ ಹೋದ, ಈ ಸಲ ಲೆಕ್ಕದ ಹಾಳೆ ಇವನ ಕೈಲೇ ಇತ್ತು. ಸಾಲ ಮಂಜೂರಾಯ್ತು, ಆದ್ರೆ ದುಡ್ಡು ಬಿಡೋದು ಮೂರು ವಾರ ತಡ ಆಯ್ತು. ಕಾರಣ, ವಾರದ ಕಂತಿನ ಕಂಪನಿ ಇವನ ಬಿಸಿನೆಸ್ಸಿನ ಎಲ್ಲಾ ಆಸ್ತಿ ಮೇಲೆ ರಿಜಿಸ್ಟರ್ ಮಾಡಿಸಿದ್ದ ಹಕ್ಕು ಹಾಗೇ ಇತ್ತು, ದುಡ್ಡು ಪೂರ್ತಿ ತೀರಿದ್ರೂ ಅದನ್ನ ತೆಗೆಸೋ ಗೋಜಿಗೆ ಯಾರೂ ಹೋಗಿರ್ಲಿಲ್ಲ. ನಾಲ್ಕು ಮೇಲ್, ಲೆಕ್ಕ ಇಲ್ದಷ್ಟು ಫೋನ್ ಆದ್ಮೇಲೆ ಒಂದು ಪುಟದ ಪತ್ರ ಬಂತು. ಹಾಗಾಗಿ ಯಾವ ಸಾಲ ತೀರಿಸಿದ್ರೂ ಕೊನೇ ಕಂತಿನ ದಿನವೇ ಎರಡು ಕಾಗದ ಬರವಣಿಗೆಯಲ್ಲಿ ಕೇಳಿ ಇಸ್ಕೊಳ್ಳಿ, ಬಾಕಿ ಏನೂ ಇಲ್ಲ ಅನ್ನೋ ಪತ್ರ ಒಂದು, ಆಸ್ತಿ ಮೇಲಿನ ಹಕ್ಕು ತೆಗೆಸಿದ್ದಕ್ಕೆ ದಾಖಲೆ ಇನ್ನೊಂದು, ಆಮೇಲೆ ಒಂದು ತಿಂಗಳು ಬಿಟ್ಟು ರಿಜಿಸ್ಟರಲ್ಲಿ ಹೋಗಿದ್ಯಾ ಅಂತ ನೀವೇ ಒಂದ್ಸಲ ನೋಡಿ.